ಮಾವನ ಮೈಸೂರು

ನಾನು ಅಂಕೋಲೆಯಿಂದ ಒಂದು ಟ್ರಂಕು ಹಿಡಿದು ಜೋಗೇಶ್ವರಿಗೆ ಬಂದದ್ದು 1978ರಲ್ಲಿ. ಸ್ಟೇಶನ್ನಿನ ಪೂರ್ವಕ್ಕೆ ಒಂದು ಚಾಳಿನಲ್ಲಿ ಮಾವನ ಖೋಲಿ. ಗೋಡೆಯ ಮೇಲೆ ದೇವರ ಪಟ, ಪಕ್ಕದಲ್ಲೇ ಒಂದು ಹಡಗಿನ ಫೋಟೋ. ಅದರ ಕೆಳಗೆ ಕನ್ನಡಿ ಹಾಕಿಸಿಟ್ಟ ಟೋಪಿಯ ಕಪ್ಪು ಪಟ್ಟಿ, ಅದರಲ್ಲಿ ಹಡಗಿನ ಹೆಸರು. ಮಾವ ಐಎನ್‌ಎಸ್ ಮೈಸೂರಿನ ಬಾಯ್ಲರ್ ಕೋಣೆಯಲ್ಲಿ ದುಡಿದವನು. ಮೈಸೂರು ಊರನ್ನು ಮಾತ್ರ ಒಮ್ಮೆಯೂ ಕಂಡವನಲ್ಲ.

ಅವನು ಹುಟ್ಟಿದಾಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಮನೆ ಬಿಟ್ಟು ಕದಲದೆಯೇ ಮಾವ ಮೈಸೂರಿನವನಾದ. ಮರುವರ್ಷ ಆಗಸ್ಟ್ 29ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಒಂದು ಹಳೇ ಯುದ್ಧನೌಕೆಯೂ ಮೈಸೂರಾಯಿತು.

ಅದರ ಮೊದಲಿನ ಹೆಸರು ನೈಜೀರಿಯಾ. ಸುಮಾರು 8,500 ಟನ್ನಿನ ಕ್ರೂಸರ್, 1939ರಲ್ಲಿ ನೀರಿಗಿಳಿದದ್ದು. ಆ ವರ್ಗದ ಹಡಗುಗಳಿಗೆಲ್ಲ ಫಿಜಿ, ಕೀನ್ಯಾ, ಸಿಲೋನ್ ಎಂದು ಬ್ರಿಟಿಷ್ ವಸಾಹತುಗಳ ಹೆಸರು. 1941ರ ಜೂನ್‌ನಲ್ಲಿ ಉತ್ತರದ ಸಮುದ್ರದಲ್ಲಿ ಲೌಯನ್‌ಬುರ್ಗ್ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿದ ತಂಡದಲ್ಲಿ ಇದೂ ಇತ್ತು. ಶತ್ರುವಿನ ಗುಪ್ತಲಿಪಿ ಒಡೆಯಲು ಬೇಕಾದ ಕಾಗದಪತ್ರ ಅಲ್ಲಿ ಸಿಕ್ಕವು. 1942ರ ಆಗಸ್ಟ್‌ನಲ್ಲಿ ಹಸಿವಿನಿಂದ ಕಂಗೆಟ್ಟ ಮಾಲ್ಟಾ ದ್ವೀಪಕ್ಕೆ 14 ಸರಕು ಹಡಗುಗಳು ಹೊರಟಾಗ ಬೆಂಗಾವಲಿಗೆ ಹೋಯಿತು. 12ರಂದು ಇಟಲಿಯ ಆಕ್ಸುಮ್ ಸಬ್‌ಮರೀನಿನ ಟಾರ್ಪೆಡೋ ಬಡಿಯಿತು. 52 ಜನ ಸತ್ತರು. ಹಡಗು ಮುಳುಗಲಿಲ್ಲ, ಕಷ್ಟಪಟ್ಟು ಜಿಬ್ರಾಲ್ಟರ್ ಸೇರಿತು. ಮಾಲ್ಟಾ ಮುಟ್ಟಿದ ಸರಕು ಹಡಗುಗಳು ಐದೇ ಐದು.

ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಮಾವನಿಗೆ ಗೊತ್ತಿದ್ದದ್ದು ಆ ಐವತ್ತೆರಡು ಜನರದ್ದು ಮಾತ್ರ. ನಾನೊಮ್ಮೆ ಚಾಳಿನ ಹುಡುಗರೆದುರು "ನಮ್ಮ ಹಡಗು" ಎಂದು ಜಂಬ ಕೊಚ್ಚುತ್ತಿದ್ದೆ. ಮಾವ ಒಳಗಿನಿಂದಲೇ ಅಂದ: "ತಮಾ, ಹೆಸರು ಬದಲಾಯ್ತು ಅಂತ ಕಬ್ಬಿಣ ಬದಲಾಗ್ತದ್ಯೇನೋ? ಅವರು ಸತ್ತ ಹಡಗಿನಲ್ಲೇ ನಾವು ಉಂಡು ಮಲಗ್ತಿದ್ದೆವು."

1971ರ ಯುದ್ಧದಲ್ಲಿ ಮೈಸೂರು ನಮ್ಮ ಪಶ್ಚಿಮ ನೌಕಾಪಡೆಯ ಧ್ವಜನೌಕೆ. ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ದೋಣಿಗಳು ಕರಾಚಿಯನ್ನು ಹೊಡೆದ ಕತೆ ಎಲ್ಲರಿಗೂ ಗೊತ್ತು. ಮಾವ ಆ ಕತೆ ಹೇಳಿದ್ದು ಕೇಳಿಲ್ಲ. 9ರಂದು ಖುಕ್ರಿ ಮುಳುಗಿ 194 ಜನ ಹೋದರು. ಮೈಸೂರಿನಿಂದ ಅದಕ್ಕೆ ವರ್ಗವಾಗಿ ಹೋದ ಗೆಳೆಯನೊಬ್ಬ ಮಾವನಿಗಿದ್ದ. ಪ್ರತಿವರ್ಷ ಆ ದಿನ ಮಾವ ರಾತ್ರಿ ಊಟ ಮಾಡುತ್ತಿರಲಿಲ್ಲ. ಅಷ್ಟೇ.

1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಹಡಗು ಮೈಸೂರಾಗಿಯೇ ಉಳಿಯಿತು. ಮಾವನ ಪಾಡು ಮಾತ್ರ ಎರಡೂ ಅಲ್ಲ. ಇಲ್ಲಿ ಅವನು "ಮದ್ರಾಸಿ", ಊರಿಗೆ ಹೋದರೆ "ಬೊಂಬಾಯಿಯವ". ಊರಿನ ಮನೆಯ ರೇಷನ್ ಕಾರ್ಡಿನಿಂದ ಅವನ ಹೆಸರು ಎಂದೋ ಹೋಗಿತ್ತು. ಅವನನ್ನು ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಂಡದ್ದು ಆ ಹಡಗೊಂದೇ ಇರಬೇಕು.

1985ರ ಆಗಸ್ಟ್ 20ರಂದು ಮೈಸೂರನ್ನು ಸೇವೆಯಿಂದ ತೆಗೆದರು. ನಮ್ಮಲ್ಲಿ ದುಡಿದದ್ದು 28 ವರ್ಷ, ಬ್ರಿಟಿಷರಲ್ಲಿ ದುಡಿದದ್ದರ ಎರಡರಷ್ಟು. ಪೇಪರಿನಲ್ಲಿ ಸುದ್ದಿ ಓದಿ ಮಾವ ಪೇಪರನ್ನು ಮಡಚಿ ದಿಂಬಿನಡಿ ಇಟ್ಟ. ಅವನು ತೀರಿಕೊಂಡದ್ದು 1996ರಲ್ಲಿ. ಮೂರು ವರ್ಷದ ಮೇಲೆ, 1999ರ ಜೂನ್ 2ರಂದು, ಅದೇ ಹೆಸರಿನ ಹೊಸ ಹಡಗು ನೌಕಾಪಡೆ ಸೇರಿತು. ಈ ಸಲ ಡೆಸ್ಟ್ರಾಯರ್. ಕಟ್ಟಿದ್ದು ಇದೇ ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ. ಲಾಂಛನ ನಮ್ಮ ಗಂಡಭೇರುಂಡ. ಯಾರ ಹಳೇ ಹೆಸರೂ ಅದಕ್ಕಿಲ್ಲ.

ಈಗ ಜೋಗೇಶ್ವರಿಯಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿದರೆ ನೇರ ಡಾಕ್‌ಯಾರ್ಡ್ ರೋಡಿನಲ್ಲಿ ಇಳಿಯಬಹುದು. ಒಮ್ಮೆ ಹೋಗಿ ನಿಂತು ಬಂದೆ. ಗೋಡೆಯಾಚೆ ಕ್ರೇನುಗಳು ಮಾತ್ರ ಕಂಡವು. ಆ ಐವತ್ತೆರಡು ಜನರ ವಿಷಯ ಮಾವನಿಗೆ ಹೇಳಿದವರು ಯಾರು ಎಂದು ಕೇಳಬೇಕಿತ್ತು. ಹದಿನೆಂಟು ವರ್ಷ ಒಂದೇ ಖೋಲಿಯಲ್ಲಿದ್ದೂ ಕೇಳಲಿಲ್ಲ.