ಟೇಕಲ್ಲಿನ ಬಂಡೆ, ಲಂಡನ್ನಿನ ಬಸ್ಸು

ಟೇಕಲ್ ಅಂದರೆ ಕಲ್ಲು. ಬಂಡೆ ಸೀಳಿ ಚಪ್ಪಡಿ, ಕಂಬ ತೆಗೆಯುವ ಕೆಲಸ ಇಲ್ಲಿ ತಲೆಮಾರುಗಳಿಂದ ನಡೆದಿದೆ. ಮುದ್ದೆ ಉಂಡು ಬಂಡೆಗೆ ಹೋಗುವವರಿಗೆ ಬೊಜ್ಜು ಎಂಬುದು ಸಾಹುಕಾರರ ಕಾಯಿಲೆ. ಮೈಮುರಿದು ದುಡಿದರೆ ಆರೋಗ್ಯ ತಾನಾಗಿ ಬರುತ್ತದೆ ಎಂದೇ ನಾವೂ ನಂಬಿ ಬೆಳೆದೆವು.

ಈ ನಂಬಿಕೆ ಅರ್ಧ ನಿಜ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂರುವ ಡ್ರೈವರ್‌ಗಳಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆಯಿತ್ತು. ಡ್ರೈವರ್‌ಗಳು ದಪ್ಪಗಿದ್ದರು, ಅದಕ್ಕೇ ಇರಬಹುದೇ? 1956ರಲ್ಲಿ ಅವರು ಸಮವಸ್ತ್ರದ ಅಳತೆ ನೋಡಿದರು. ಡ್ರೈವರ್‌ಗಳ ಸೊಂಟ ದೊಡ್ಡದೇ ಇತ್ತು. ಆದರೆ ತೆಳ್ಳಗಿದ್ದವರ ನಡುವೆ ಹೋಲಿಸಿದಾಗಲೂ ಕಂಡಕ್ಟರ್‌ಗಳೇ ಮೇಲು ಎಂದು ಮುಂದೆ ತಿಳಿಯಿತು. ತೂಕವೊಂದೇ ಲೆಕ್ಕವಲ್ಲ, ಓಡಾಟಕ್ಕೂ ಅದರದೇ ಬೆಲೆಯಿದೆ.

ಇನ್ನರ್ಧ ಸತ್ಯ ನಮ್ಮ ಬಂಡೆಯಲ್ಲೇ ಇದೆ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಎದೆಗೂಡು ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಎಷ್ಟೇ ಗಟ್ಟಿಮುಟ್ಟಾದ ಮೈಯೂ ಅದನ್ನು ತಡೆಯದು. ನೀರು ಚಿಮುಕಿಸಿ ಧೂಳು ಅಡಗಿಸುವುದು, ಸರಿಯಾದ ಮಾಸ್ಕ್ ಕೊಡುವುದು ಕೆಲಸ ಕೊಡುವವರ ಹೊಣೆ.

ಈಗ ನಮ್ಮಲ್ಲಿ ಹಲವರು ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬೆಂಗಳೂರಿನ ಕುರ್ಚಿಗಳಲ್ಲಿ ಕೂರುತ್ತೇವೆ. ಮುದ್ದೆಯ ಗಾತ್ರ ಮಾತ್ರ ತಾತನ ಕಾಲದ್ದೇ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟು ಚಟುವಟಿಕೆ ಬೇಕು ಎನ್ನುತ್ತದೆ. ಸ್ಟೇಷನ್ನಿಗೆ ಬೈಕ್ ಬಿಟ್ಟು ನಡೆದರೆ ಅದರಲ್ಲಿ ಒಂದಷ್ಟು ತೀರುತ್ತದೆ.

ಕುರ್ಚಿಯವರಿಗೆ ನಡಿಗೆ ಬೇಕು. ಬಂಡೆಯವರಿಗೆ ವ್ಯಾಯಾಮದ ಪಾಠ ಬೇಡ, ಧೂಳಿಲ್ಲದ ಗಾಳಿ ಬೇಕು.