ಐದಾರು ವಾರ ಬದುಕಿದ ಪಡೆ

ಮಹಾಯುದ್ಧದ ಕಥೆ ಎಂದರೆ ಹಿಟ್ಲರ್, ಸ್ಟಾಲಿನ್, ಚರ್ಚಿಲ್ ಎಂದು ದೊಡ್ಡ ಹೆಸರುಗಳಲ್ಲೇ ಮುಗಿಸಿಬಿಡುತ್ತೇವೆ. ಇಂದು ಹೇಳುವುದು ಹುಟ್ಟಿದ ಐದಾರು ವಾರದಲ್ಲೇ ಇಲ್ಲವಾದ ಒಂದು ಜರ್ಮನ್ ಕಾಲಾಳು ಡಿವಿಜನ್ನಿನ ಸಂಗತಿ. ಹೆಸರು 'ಉಲ್ರಿಷ್ ಫಾನ್ ಹುಟನ್'.

1945ರ ಮಾರ್ಚ್ ಕೊನೆಗೆ ಜರ್ಮನಿ ಸೋತೇಹೋಗಿತ್ತು; ಒಪ್ಪಿಕೊಳ್ಳುವ ಧೈರ್ಯ ಮೇಲಿನವರಿಗಿರಲಿಲ್ಲ. ಎಲ್ಬೆ ನದಿಯ ದಂಡೆಯ ವಿಟೆನ್‌ಬರ್ಗ್ ಊರಿನ ಸುತ್ತ ಈ ಪಡೆಯನ್ನು ಕೂಡಿಸಿದರು. ಹಳೆಯ ಪಡೆಗಳಲ್ಲಿ ಅಳಿದುಳಿದವರು, ತರಬೇತಿ ಮುಗಿಯದ ಕೆಡೆಟ್ಟುಗಳು, ಹದಿನೇಳು ಹದಿನೆಂಟರ ಹುಡುಗರು. ನಂಬರಿನ ಬದಲು ಹದಿನಾರನೆಯ ಶತಮಾನದ ಒಬ್ಬ ಸರದಾರ-ಕವಿಯ ಹೆಸರಿಟ್ಟರು. ಮದ್ದುಗುಂಡು ಸಾಲದಿದ್ದರೆ ಹೆಸರಾದರೂ ದೊಡ್ಡದಿರಲಿ ಎಂದಿರಬೇಕು! ದಂಡನಾಯಕ ಗೆರ್ಹಾರ್ಡ್ ಎಂಗೆಲ್. 1938ರಿಂದ 1943ರವರೆಗೆ ಹಿಟ್ಲರನ ಬಳಿಯೇ ಸೇನಾ ಸಹಾಯಕನಾಗಿದ್ದವನು.

ಮೊದಲು ಈ ಹುಡುಗರನ್ನು ಪಶ್ಚಿಮದಲ್ಲಿ ಅಮೆರಿಕನ್ನರ ಎದುರು ನಿಲ್ಲಿಸಿದರು. ಏಪ್ರಿಲ್ 22ರ ರಾತ್ರಿ ಫೀಲ್ಡ್ ಮಾರ್ಷಲ್ ಕೈಟೆಲ್ ಹೊರಟು, 12ನೆಯ ಸೇನೆಯ ಮುಖ್ಯಸ್ಥ ಜನರಲ್ ವೆಂಕ್ ಇದ್ದಲ್ಲಿಗೆ ಬಂದ. ಹುಕುಂ ಇಷ್ಟೇ: ಪೂರ್ವಕ್ಕೆ ತಿರುಗಿ ಬರ್ಲಿನ್ ಬಿಡಿಸಿ, ಫ್ಯೂರರನ್ನು ಉಳಿಸಿ. ವೆಂಕನಿಗೆ ಅದು ಆಗದ ಕೆಲಸವೆಂದು ಗೊತ್ತಿತ್ತು. ಆತ ತಿರುಗಿದ್ದು ನಿಜ, ಆದರೆ ಹಿಟ್ಲರನಿಗಾಗಿ ಅಲ್ಲ. ಸುತ್ತುವರಿಯಲ್ಪಟ್ಟ ಸೈನಿಕರಿಗೂ ನಿರಾಶ್ರಿತರಿಗೂ ಪಶ್ಚಿಮದ ದಾರಿ ತೆರೆಯಲು. ಇತ್ತ ಬರ್ಲಿನ್ನಿನಲ್ಲಿ ಮಾತ್ರ 'ವೆಂಕ್ ಬರುತ್ತಿದ್ದಾನೆ' ಎಂದು ಜನರನ್ನು ನಂಬಿಸುತ್ತಲೇ ಇದ್ದರು.

ಹುಟನ್ ಮತ್ತು ಜೊತೆಯ ಡಿವಿಜನ್ನುಗಳು ಏಪ್ರಿಲ್ 28ರ ಹೊತ್ತಿಗೆ ಬೇಲಿಟ್ಸ್ ಆರೋಗ್ಯಧಾಮ ತಲುಪಿದವು. ಅಲ್ಲಿ ಸುಮಾರು 3,000 ಗಾಯಾಳುಗಳು, ದಾದಿಯರು ಸಿಕ್ಕಿಬಿದ್ದಿದ್ದರು. ಅವರನ್ನು ಪಶ್ಚಿಮಕ್ಕೆ ಸಾಗಿಸಿದರು. (1916ರಲ್ಲಿ ಸಿಪಾಯಿ ಹಿಟ್ಲರ್ ತೊಡೆಯ ಗಾಯಕ್ಕೆ ಶುಶ್ರೂಷೆ ಪಡೆದದ್ದೂ ಇದೇ ಆಸ್ಪತ್ರೆಯಲ್ಲಿ.) ಶ್ವೀಲೋ ಸರೋವರದಾಚೆ ಹೆಜ್ಜೆ ಮುಂದೆ ಹೋಗಲಿಲ್ಲ. 29ರ ರಾತ್ರಿ ಹಿಟ್ಲರ್ 'ವೆಂಕನ ಮುಂಚೂಣಿ ಎಲ್ಲಿ' ಎಂದು ತಂತಿ ಕೇಳಿಸಿದ; ಮರುದಿನ ಆತ್ಮಹತ್ಯೆ ಮಾಡಿಕೊಂಡ. ಹಾಲ್ಬೆ ಕಾಡಿನಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ 9ನೆಯ ಸೇನೆಯ ಸುಮಾರು 25,000 ಮಂದಿ ಮೇ ಆರಂಭದಲ್ಲಿ ಇವರನ್ನು ಬಂದು ಸೇರಿದರು.

ಆಮೇಲೆ ಎಲ್ಬೆಗೆ ಓಟ. ರಷ್ಯನ್ನರಿಗೆ ಅಷ್ಟು ಹೆದರಿಕೆ ಏಕೆ? ರಷ್ಯದಲ್ಲಿ ಜರ್ಮನ್ ಸೇನೆ ಹಳ್ಳಿಗಳನ್ನು ಸುಟ್ಟದ್ದು, ಲಕ್ಷಾಂತರ ಕೈದಿಗಳನ್ನು ಹಸಿವಿನಿಂದ ಕೊಂದದ್ದು ಅವರಿಗೇ ಗೊತ್ತಿತ್ತು. ಮೇ 4ರಂದು ಸ್ಟೆಂಡಾಲ್ ಪಟ್ಟಣದಲ್ಲಿ ಅಮೆರಿಕನ್ನರೊಡನೆ ಮಾತುಕತೆಯಾಯಿತು. ಸೈನಿಕರು ಆಯುಧ ಎಸೆದು ದಾಟಬಹುದು, ಸಾಮಾನ್ಯ ಜನರು ಕೂಡದು! ಹೆಂಗಸರು ಮಕ್ಕಳು ದಂಡೆಯಲ್ಲಿ, ಕೋವಿ ಹಿಡಿದವನು ದೋಣಿಯಲ್ಲಿ, ಇದೆಂಥ ನ್ಯಾಯವೋ. ಟಾಂಗರ್‌ಮುಂಡೆಯ ಮುರಿದ ಸೇತುವೆಯ ಮೇಲೆ ಹಲಗೆ ಹಾಸಿ ಸಾಲಾಗಿ ದಾಟಿದರು. ರಷ್ಯನ್ ಫಿರಂಗಿಗಳು ಹತ್ತಿರವಾದಾಗ ಅಮೆರಿಕನ್ನರು ದಂಡೆಯಿಂದ ಹಿಂದೆ ಸರಿದರು. ಆ ಸಂದಿಯಲ್ಲಿ ನಿರಾಶ್ರಿತರೂ ನುಸುಳಿಕೊಂಡರು. ದಾಟಿದ ಸೈನಿಕರೇ ಸುಮಾರು ಒಂದು ಲಕ್ಷ ಎನ್ನುತ್ತಾರೆ.

ಮೇ 7ರಂದು ದಾಟುವುದು ನಿಂತಿತು. ದಾಟಿದ ಹುಟನ್ ಹುಡುಗರು ಅಮೆರಿಕನ್ನರ ಕೈದಿಗಳಾದರು.