ಶಿಶುಪಾಲನಾ ನೆರವು: ಭಾರತದಲ್ಲಿ ಬೆಳೆದುಬಂದ ಬಗೆ

ತಂದೆತಾಯಿ ದುಡಿಯಲು ಹೋದಾಗ ಅವರ ಎಳೆಯ ಮಕ್ಕಳನ್ನು ನೋಡಿಕೊಳ್ಳಲು ತಗಲುವ ವೆಚ್ಚವನ್ನು ಸರ್ಕಾರವೋ ಮಾಲೀಕರೋ ಪೂರ್ತಿಯಾಗಿ ಇಲ್ಲವೆ ಭಾಗಶಃ ಹೊರುವ ವ್ಯವಸ್ಥೆಯೇ ಶಿಶುಪಾಲನಾ ನೆರವು. ಭಾರತದಲ್ಲಿ ಈ ನೆರವು ನಗದಾಗಿ ಕೈಸೇರಿದ್ದು ಕಡಿಮೆ. ಕಾರ್ಖಾನೆಯೊಳಗಿನ ಶಿಶುಪಾಲನಾ ಕೇಂದ್ರ, ಅನುದಾನದಿಂದ ನಡೆಯುವ ಕೇಂದ್ರ, ಸಂಬಳಸಹಿತ ರಜೆ, ಹೀಗೆ ಮೂರು ದಾರಿಗಳಲ್ಲಿ ಅದು ಹರಿದುಬಂದಿದೆ. ಸುಮಾರು ಒಂದು ಶತಮಾನದ ಈ ಇತಿಹಾಸದಲ್ಲಿ ಎದ್ದು ಕಾಣುವ ದೋಷವೊಂದಿದೆ: ನೆರವಿನ ಹಕ್ಕನ್ನು ಮಗುವಿಗೆ ಕೊಡದೆ, ತಾಯಿ ದುಡಿಯುವ ಜಾಗಕ್ಕೆ ಕಟ್ಟಿಹಾಕಲಾಗಿದೆ. ಹಾಗಾಗಿ ಕಾಯಂ ನೌಕರಿ ಇದ್ದವರಿಗೆ ಸಿಕ್ಕಿದ ಆಸರೆ, ಅದರ ಅಗತ್ಯ ಹೆಚ್ಚಾಗಿದ್ದ ಕೂಲಿಕಾರರಿಗೆ ಸಿಗಲಿಲ್ಲ.

ಬ್ರಿಟಿಷ್ ಆಳ್ವಿಕೆಯ ಕೊನೆಯ ದಶಕಗಳಲ್ಲೇ ಈ ಜಾಡು ಬಿದ್ದಿತ್ತು. ವಿಟ್ಲಿ ಅವರ ಅಧ್ಯಕ್ಷತೆಯ ರಾಜ ಕಾರ್ಮಿಕ ಆಯೋಗ 1931ರ ವರದಿಯಲ್ಲಿ, ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳು ಮಕ್ಕಳಿಗಾಗಿ ಕೋಣೆ ಒದಗಿಸಬೇಕೆಂದು ಹೇಳಿತು. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆಗಳ ಕಾಯ್ದೆ ಇದನ್ನು ಕಡ್ಡಾಯಗೊಳಿಸಿತು. ಅದರ 48ನೆಯ ಕಲಮಿನ ಪ್ರಕಾರ 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯನ್ನೂ ತರಬೇತಾದ ಆಯಾಳನ್ನೂ ಒದಗಿಸಬೇಕಿತ್ತು. 1976ರ ತಿದ್ದುಪಡಿ ಈ ಮಿತಿಯನ್ನು 30ಕ್ಕೆ ಇಳಿಸಿತು. 1951ರ ತೋಟ ಕಾರ್ಮಿಕರ ಕಾಯ್ದೆ, 1966ರ ಬೀಡಿ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆಗಳೂ ಇದೇ ಹಾದಿ ಹಿಡಿದವು. ಕೊಡಗು, ಚಿಕ್ಕಮಗಳೂರಿನ ದೊಡ್ಡ ಕಾಫಿ ತೋಟಗಳಿಗೂ ಬೆಂಗಳೂರಿನ ಸಿದ್ಧಉಡುಪು ಕಾರ್ಖಾನೆಗಳಿಗೂ ಶಿಶುಪಾಲನಾ ಕೇಂದ್ರದ ಹೊಣೆ ಬಂದದ್ದು ಇಂಥ ಕಾನೂನುಗಳಿಂದಲೇ. ಈ ಕಾಯ್ದೆಗಳ ಉದ್ದೇಶ ಒಳ್ಳೆಯದೇ. ಆದರೆ ಹೆಂಗಸರ ತಲೆ ಎಣಿಸಿ ಹೊಣೆ ಹೊರಿಸಿದ್ದರಿಂದ, ಮಗುವಿನ ಪಾಲನೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಾಗ ಮಾತ್ರ ಬೀಳುವ ಖರ್ಚೆಂಬಂತಾಯಿತು. ತಂದೆಯ ಹೊಣೆ ಲೆಕ್ಕಕ್ಕೇ ಬರಲಿಲ್ಲ. ಮನೆಯಲ್ಲಿ ಕೂತು ಬೀಡಿ ಕಟ್ಟುವವಳು, ಹೊಲದ ಕೂಲಿಯವಳು, ಮನೆಗೆಲಸದವಳು ಯಾವ ಎಣಿಕೆಗೂ ಸಿಗಲಿಲ್ಲ.

ಈ ಕೊರತೆಯನ್ನು ಮೊದಲು ಕಂಡವರು ಸಮಾಜಸೇವಕರು. ಗಾಂಧಿ ಜನ್ಮಶತಾಬ್ದಿಯ 1969ರಲ್ಲಿ ದೆಹಲಿಯ ಕಟ್ಟಡ ಕೆಲಸದ ಜಾಗದಲ್ಲಿ ಮೀರಾ ಮಹಾದೇವನ್ ಆರಂಭಿಸಿದ ‘ಮೊಬೈಲ್ ಕ್ರೆಶಸ್’ ಸಂಸ್ಥೆ, ಕಾರ್ಮಿಕರು ಹೋದಲ್ಲೆಲ್ಲ ಕೇಂದ್ರವೂ ಹೋಗಬಲ್ಲದೆಂದು ತೋರಿಸಿತು. 1975ರಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದ ಅನುದಾನ ಶುರುವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೂ ಬಂತು. ಅದರಡಿ ನಡೆಯುವ ಅಂಗನವಾಡಿ ಊರೂರಿಗೂ ತಲುಪಿದರೂ, ಮೂರು ವರ್ಷದೊಳಗಿನ ಮಕ್ಕಳಿಗೆ ಅದು ಮುಖ್ಯವಾಗಿ ಕೊಟ್ಟದ್ದು ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಮತ್ತು ಲಸಿಕೆ. ತಾಯಿ ಕೂಲಿಯಿಂದ ಮರಳುವವರೆಗೆ ಕೂಸನ್ನು ಇಟ್ಟುಕೊಳ್ಳುವ ಕೆಲಸ ಅದರದಾಗಿರಲಿಲ್ಲ. ಹಳೆಯ ಅನುದಾನ ಯೋಜನೆಗಳನ್ನು ಕೂಡಿಸಿ 2006ರಲ್ಲಿ ರೂಪಿಸಿದ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ ಒಂದು ಕೇಂದ್ರಕ್ಕೆ 25 ಮಕ್ಕಳೆಂದು ನಿಗದಿ ಮಾಡಿತು. ಮುಂದೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ತಿಂಗಳಿಗೆ 20 ರೂಪಾಯಿ ಶುಲ್ಕ ಗೊತ್ತಾಯಿತು. 2022ರಿಂದ ಇದು ‘ಪಾಲನಾ’ ಎಂಬ ಹೆಸರಿನಲ್ಲಿ ಅಂಗನವಾಡಿಯೊಂದಿಗೆ ಬೆಸೆದುಕೊಂಡಿದೆ. ಅತ್ತ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಗೆ ಕೂಲಿ ಕೊಡಬೇಕೆಂದಿತು. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ‘ಕೂಸಿನ ಮನೆ’ 4,000 ಗ್ರಾಮ ಪಂಚಾಯಿತಿಗಳ ಗುರಿಯೊಂದಿಗೆ, ಈ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗೆ ಊರಿನಲ್ಲೇ ನೆಲೆ ಕಲ್ಪಿಸಲು ಹೊರಟಿತು. ಹೊಣೆಯನ್ನು ಮಾಲೀಕರಿಂದ ಪಂಚಾಯಿತಿಗೆ ತಂದದ್ದೇ ಇದರ ಮಹತ್ವ.

ಸಂಘಟಿತ ವಲಯದ ಕಥೆ ಬೇರೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಶಿಶುಪಾಲನಾ ರಜೆ ದೊರೆಯುತ್ತಿದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದೂ ದಿನಕ್ಕೆ ನಾಲ್ಕು ಬಾರಿ ತಾಯಿಗೆ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ವಿಧಿಸಿತು. ಇಲ್ಲಿ ಗಂಡಸರನ್ನೂ ಎಣಿಕೆಗೆ ತೆಗೆದುಕೊಂಡದ್ದು ದೊಡ್ಡ ತಿದ್ದುಪಾಟು. ಆದರೂ ಹೆರಿಗೆ ರಜೆಯ ಸಂಬಳ ಮಾಲೀಕರ ತಲೆಯ ಮೇಲೇ ಉಳಿಯಿತು, 49 ಜನರಿರುವ ಅಂಗಡಿಗೆ ಈ ಕೇಂದ್ರದ ನಿಯಮ ತಾಗಲೇ ಇಲ್ಲ.

ಮಕ್ಕಳನ್ನು ಸಾಕುವುದು ಮನೆಯವರ ಕೆಲಸ, ಅಜ್ಜಿಯಂದಿರು ಇರುವಾಗ ಸರ್ಕಾರವೇಕೆ ಎಂಬ ಆಕ್ಷೇಪ ಹಳೆಯದು. ಆದರೆ ರಾಯಚೂರು, ಯಾದಗಿರಿಯಿಂದ ಗುಳೆ ಹೋದ ಕುಟುಂಬದ ಜೊತೆ ಅಜ್ಜಿ ಹೋಗುವುದಿಲ್ಲ. ಬಡ ಕುಟುಂಬದ ಅಜ್ಜಿಯೂ ಹಲವೊಮ್ಮೆ ಕೂಲಿಗೆ ಹೋಗುತ್ತಾಳೆ. ಆಗ ಕೂಸನ್ನು ಎತ್ತಿಕೊಳ್ಳುವವಳು ಶಾಲೆ ಬಿಟ್ಟ ಅಕ್ಕ. ಮನೆಯವರು ಪುಕ್ಕಟೆ ಮಾಡುತ್ತಾರೆಂದು ತೋರುವ ಈ ಕೆಲಸಕ್ಕೆ ಬೆಲೆ ತೆರುವುದು ಆ ಹುಡುಗಿಯ ಓದು. ಕೇಂದ್ರಗಳ ಬದಲು ನಗದು ಕೊಟ್ಟರೆ ಸಾಲದೆ ಎಂಬುದು ಇನ್ನೊಂದು ವಾದ. ಬ್ರಿಟನ್ನಿನಲ್ಲಿ ಯುನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವ ದುಡಿಯುವ ತಂದೆತಾಯಿಗೆ ಶಿಶುಪಾಲನಾ ವೆಚ್ಚದ ಶೇ 85ರವರೆಗೆ ಒಂದು ಮಿತಿಯೊಳಗೆ ಮರಳಿಸುತ್ತಾರೆ. ಆದರೆ ಅದು ಮಕ್ಕಳನ್ನು ನೋಡಿಕೊಳ್ಳುವ ನೋಂದಾಯಿತ ಶಿಶುಪಾಲಕರು ಇರುವೆಡೆ ಮಾತ್ರ ನಡೆಯುವ ಮಾತು. ನಂಬಿ ಬಿಡಲು ಜಾಗವೇ ಇಲ್ಲದ ಊರಿನಲ್ಲಿ ನಗದು ಮಗುವನ್ನು ನೋಡಿಕೊಳ್ಳುವುದಿಲ್ಲ. ಮೊದಲು ಕೇಂದ್ರ ಬೇಕು. ಅದನ್ನು ನಡೆಸುವ ಮಹಿಳೆಗೆ ಕೆಲಸಕ್ಕೆ ತಕ್ಕ ಸಂಬಳ ಬೇಕು, ಏಕೆಂದರೆ ಗೌರವಧನದ ಮೇಲೆ ನಿಂತ ಪಾಲನೆ ಬಹುಕಾಲ ಬಾಳದು. ಖರ್ಚು ಹೆಚ್ಚೆಂಬ ಮಾತು ನಿಜವೇ. ಆದರೆ ಇಂದು ಅದೇ ಖರ್ಚನ್ನು ತಾಯಂದಿರು ಕಳೆದುಕೊಂಡ ಕೂಲಿಯಲ್ಲಿ ಕಟ್ಟುತ್ತಿದ್ದಾರೆ. ತಾಯಿ ಎಲ್ಲಿ ದುಡಿಯುತ್ತಾಳೆ, ಎಷ್ಟು ಜನರೊಡನೆ ದುಡಿಯುತ್ತಾಳೆ ಎಂದು ಕೇಳದೆ ಆರು ವರ್ಷದೊಳಗಿನ ಪ್ರತಿ ಮಗುವಿಗೂ ಈ ಆಸರೆಯನ್ನು ಹಕ್ಕಾಗಿ ಕೊಡುವ ಕಾನೂನನ್ನು ಸರ್ಕಾರಗಳು ತರಬೇಕು.